ದಾವಣಗೆರೆಯಿಂದ ಆಣ್ವಿಕ ಜೀವವಿಜ್ಞಾನದ ಪ್ರಶಸ್ತಿಗೆ ನಾಮನಿರ್ದೇಶನ: ಒಂದು ಸಮಗ್ರ ಮಾರ್ಗದರ್ಶಿ

ಒಳ್ಳೆಯ ಸಂಶೋಧನೆ ಮಾಡಿದವರನ್ನು ಪ್ರಶಸ್ತಿ ತಾನಾಗಿಯೇ ಹುಡುಕಿಕೊಂಡು ಬರುತ್ತದೆ ಎಂಬ ನಂಬಿಕೆ ನಮ್ಮ ಕಾಲೇಜುಗಳ ಅಧ್ಯಾಪಕರ ಕೊಠಡಿಗಳಲ್ಲಿ ಗಟ್ಟಿಯಾಗಿ ಬೇರೂರಿದೆ. ಹಾಗೆ ಆಗುವುದಿಲ್ಲ. ಯಾರಾದರೊಬ್ಬರು ಕುಳಿತು ಆ ಸಂಶೋಧನೆಯನ್ನು ಓದಿ, ಅದರ ತಿರುಳನ್ನು ಬರೆದು, ಗಡುವಿನೊಳಗೆ ಕಳುಹಿಸಿದರೆ ಮಾತ್ರ ಆಯ್ಕೆ ಸಮಿತಿಯ ಮುಂದೆ ಆ ಹೆಸರು ಬರುತ್ತದೆ. ಬೆಂಗಳೂರಿನ ದೊಡ್ಡ ಸಂಸ್ಥೆಗಳಲ್ಲಿ ಈ ಕೆಲಸದಲ್ಲಿ ಪಳಗಿದವರಿದ್ದಾರೆ. ದಾವಣಗೆರೆ, ಚಿತ್ರದುರ್ಗದ ಕಡೆ ಇದು ಹೆಚ್ಚಾಗಿ ಯಾರ ಹೊಣೆಯೂ ಆಗದೆ ಉಳಿಯುತ್ತದೆ.

ಈ ಬರಹ ತೋಳಹುಣಸೆಯ ವಿಶ್ವವಿದ್ಯಾನಿಲಯದ ಆವರಣದಲ್ಲಿ, ನಗರದ ವೈದ್ಯಕೀಯ ಮತ್ತು ಎಂಜಿನಿಯರಿಂಗ್ ಕಾಲೇಜುಗಳಲ್ಲಿ, ಹಿರಿಯೂರಿನ ಬಬ್ಬೂರು ಫಾರ್ಮಿನಲ್ಲಿ, ಚಿತ್ರದುರ್ಗದ ವಿಜ್ಞಾನ ಕಾಲೇಜುಗಳಲ್ಲಿ ಇರುವ ಸಹೋದ್ಯೋಗಿಗಳಿಗಾಗಿ. ನಿಮ್ಮ ಪಕ್ಕದ ಪ್ರಯೋಗಾಲಯದಲ್ಲಿ ಜೀನ್, ಆರ್‌ಎನ್‌ಎ, ಪ್ರೋಟೀನ್‌ಗಳ ಮೇಲೆ ಗಂಭೀರವಾಗಿ ಕೆಲಸ ಮಾಡುತ್ತಿರುವ ಒಬ್ಬರಿದ್ದಾರೆ, ಅವರ ಹೆಸರನ್ನು ಮುಂದೆ ತರಬೇಕು ಎಂದು ನಿಮಗೆ ಅನಿಸಿದ್ದರೆ ಎಲ್ಲಿಂದ ಆರಂಭಿಸಬೇಕು, ಏನು ಬರೆಯಬೇಕು, ಏನನ್ನು ಬಿಡಬೇಕು ಎಂಬುದನ್ನು ಹಂತಹಂತವಾಗಿ ಹೇಳುತ್ತೇನೆ. ನನ್ನ ಮುಖ್ಯ ಮಾತನ್ನು ಮೊದಲೇ ಹೇಳಿಬಿಡುತ್ತೇನೆ: ನಾಮನಿರ್ದೇಶನ ಎಂದರೆ ಒಂದು ಆವಿಷ್ಕಾರದ ಪರವಾಗಿ ಮಾಡುವ ವಾದ. ಆ ವಾದ ನಿಲ್ಲುವುದು ಪುರಾವೆಯ ಮೇಲೆ. ಸ್ವವಿವರದ ಪುಟಗಳು ಎಷ್ಟೇ ಉದ್ದವಾಗಿದ್ದರೂ ಆ ಜಾಗವನ್ನು ತುಂಬಲಾರವು.

ಹಂತ 1: ಕೆಲಸ ಈ ಕ್ಷೇತ್ರದ್ದೇ ಎಂದು ಖಚಿತಪಡಿಸಿಕೊಳ್ಳಿ

ಡಿಎನ್‌ಎ ತುಣುಕಿನ ಅಸಂಖ್ಯ ಪ್ರತಿಗಳನ್ನು ಮಾಡುವ ಪಿಸಿಆರ್ ಯಂತ್ರ ಬಳಸಿದ ಮಾತ್ರಕ್ಕೆ ಕೆಲಸ ಆಣ್ವಿಕ ಜೀವವಿಜ್ಞಾನದ್ದಾಗುವುದಿಲ್ಲ. ಮೆಕ್ಕೆಜೋಳದ ಹೊಲದಿಂದ ತಂದ ಹುಳುವಿನ ಡಿಎನ್‌ಎ ಓದಿ ಅದು ಯಾವ ಪ್ರಭೇದ ಎಂದು ಗುರುತಿಸುವುದು ಉಪಯುಕ್ತವಾದ, ಗೌರವಕ್ಕೆ ಅರ್ಹವಾದ ಕೆಲಸ. 2018ರಲ್ಲಿ ಫಾಲ್ ಸೈನಿಕ ಹುಳು ದೇಶದಲ್ಲಿಯೇ ಮೊದಲ ಬಾರಿಗೆ ನಮ್ಮ ಪಕ್ಕದ ಶಿವಮೊಗ್ಗದಲ್ಲಿ ಪತ್ತೆಯಾದಾಗ ಇಂಥ ಗುರುತಿಸುವಿಕೆ ರೈತರಿಗೆ ಎಷ್ಟು ಮುಖ್ಯವಾಗಿತ್ತು ಎಂಬುದನ್ನು ನಾವೆಲ್ಲ ಕಂಡಿದ್ದೇವೆ. ಆದರೆ ಅಂಥ ಕೆಲಸಕ್ಕೆ ಕೃಷಿ ವಿಜ್ಞಾನದ ಅಥವಾ ಕೀಟಶಾಸ್ತ್ರದ ಪ್ರಶಸ್ತಿಯೇ ಸರಿಯಾದ ಜಾಗ. ಆಣ್ವಿಕ ಜೀವವಿಜ್ಞಾನದ ಸಮಿತಿ ಕೇಳುವ ಪ್ರಶ್ನೆಯೇ ಬೇರೆ. ಜೀವಕೋಶದೊಳಗೆ ಯಾವ ಅಣು ಯಾವ ಅಣುವಿನ ಮೇಲೆ ಹೇಗೆ ಕೆಲಸ ಮಾಡುತ್ತದೆ ಎಂಬುದರ ಬಗ್ಗೆ ಈ ಸಂಶೋಧನೆಯಿಂದ ಹೊಸದಾಗಿ ಏನು ತಿಳಿಯಿತು? ಈ ಪ್ರಶ್ನೆಗೆ ಎರಡು ವಾಕ್ಯಗಳಲ್ಲಿ ಉತ್ತರ ಬರೆಯಲು ಸಾಧ್ಯವಾದರೆ ಮುಂದುವರಿಯಿರಿ. ಸಾಧ್ಯವಾಗದಿದ್ದರೆ ಬೇರೆ ವಿಭಾಗದ ಪ್ರಶಸ್ತಿಯನ್ನು ಹುಡುಕಿ. ತಪ್ಪು ವಿಭಾಗಕ್ಕೆ ಹೋದ ಒಳ್ಳೆಯ ಕೆಲಸ ಅಲ್ಲಿ ದುರ್ಬಲವಾಗಿ ಕಾಣುತ್ತದೆ, ಅದು ಸಂಶೋಧಕರಿಗೆ ಅನ್ಯಾಯ.

ಹಂತ 2: ಹೊಂದುವ ಪ್ರಶಸ್ತಿಯನ್ನು ಆರಿಸಿ

ಜಗತ್ತಿನಲ್ಲಿ ಈ ಕ್ಷೇತ್ರದ ಹೆಸರನ್ನೇ ಹೊತ್ತ ಪ್ರಶಸ್ತಿಗಳಲ್ಲಿ ಹಳೆಯದು ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯದು. 1962ರಿಂದ ಕೊಡುತ್ತಿರುವ ಅದು ಅಮೆರಿಕದ ಪೌರತ್ವವಿರುವ ಯುವ ವಿಜ್ಞಾನಿಗಳಿಗೆ ಮಾತ್ರ. ಯುರೋಪಿನ ಆಣ್ವಿಕ ಜೀವವಿಜ್ಞಾನ ಸಂಘಟನೆಯಾದ ಎಂಬೋ 1986ರಿಂದ ಚಿನ್ನದ ಪದಕ ಕೊಡುತ್ತಿದೆ. ಇವು ನಮ್ಮ ಕೈಗೆಟುಕುವಂಥವಲ್ಲವಾದರೂ ಅವುಗಳ ಹಳೆಯ ವಿಜೇತರ ಬಗ್ಗೆ ಸಮಿತಿಗಳು ಬರೆದ ಪ್ರಶಂಸಾ ವಾಕ್ಯಗಳನ್ನು ಓದಿ ನೋಡಿ. ಹತ್ತಾರು ವರ್ಷಗಳ ಕೆಲಸವನ್ನು ಒಂದೇ ವಾಕ್ಯದಲ್ಲಿ ಹೇಳುವ ಕಲೆಗೆ ಅದಕ್ಕಿಂತ ಒಳ್ಳೆಯ ಪಾಠ ಬೇರೆ ಇಲ್ಲ. ಭಾರತ 2016ರಿಂದ ಎಂಬೋದ ಅಂತರ ಸರ್ಕಾರಿ ಒಕ್ಕೂಟದ ಸಹಸದಸ್ಯ ರಾಷ್ಟ್ರವಾಗಿರುವುದರಿಂದ, ಸ್ವಂತ ಪ್ರಯೋಗಾಲಯ ಆರಂಭಿಸಿ ಹೆಚ್ಚು ವರ್ಷ ಕಳೆಯದ ಸಂಶೋಧಕರು ಆ ಸಂಘಟನೆಯ ಬೇರೆ ಯೋಜನೆಗಳ ಮೇಲೂ ಕಣ್ಣಿಡಬಹುದು.

ನಮ್ಮ ದೇಶದಲ್ಲಿ ಬಹುಕಾಲ ಎಲ್ಲರ ಬಾಯಲ್ಲಿದ್ದದ್ದು ಶಾಂತಿಸ್ವರೂಪ್ ಭಟ್ನಾಗರ್ ಪ್ರಶಸ್ತಿ. 45 ವರ್ಷದೊಳಗಿನವರಿಗೆ ಕೊಡುತ್ತಿದ್ದ ಅದರ ಜೀವವಿಜ್ಞಾನ ವಿಭಾಗದಲ್ಲಿ ಆಣ್ವಿಕ ಜೀವವಿಜ್ಞಾನಿಗಳು ಅನೇಕರಿದ್ದರು. ಕೇಂದ್ರ ಸರ್ಕಾರ ವಿಜ್ಞಾನ ಪ್ರಶಸ್ತಿಗಳನ್ನು ಮರುರೂಪಿಸಿ 2023ರಲ್ಲಿ ರಾಷ್ಟ್ರೀಯ ವಿಜ್ಞಾನ ಪುರಸ್ಕಾರವನ್ನು ಘೋಷಿಸಿತು. ಅದರಲ್ಲಿ ವಿಜ್ಞಾನ ರತ್ನ, ವಿಜ್ಞಾನ ಶ್ರೀ, ವಿಜ್ಞಾನ ಯುವ-ಶಾಂತಿಸ್ವರೂಪ್ ಭಟ್ನಾಗರ್, ವಿಜ್ಞಾನ ತಂಡ ಎಂಬ ನಾಲ್ಕು ಬಗೆಗಳಿವೆ. ಯುವ ವಿಭಾಗದ ವಯೋಮಿತಿ 45, ಪುರಸ್ಕಾರಗಳು ಗರಿಷ್ಠ 25. ಜೀವವಿಜ್ಞಾನ ಇದರ 13 ಕ್ಷೇತ್ರಗಳಲ್ಲಿ ಒಂದು. 2024ರ ಆಗಸ್ಟ್‌ನಲ್ಲಿ ರಾಷ್ಟ್ರಪತಿ ಭವನದಲ್ಲಿ ಮೊದಲ ಬಾರಿಗೆ ಪ್ರದಾನವಾದಾಗ ವಿಜ್ಞಾನ ರತ್ನ ಪಡೆದವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜೀವರಸಾಯನ ವಿಜ್ಞಾನಿ ಗೋವಿಂದರಾಜನ್ ಪದ್ಮನಾಭನ್. ಮಲೇರಿಯಾ ಪರಾವಲಂಬಿ ತನಗೆ ಬೇಕಾದ ಹೀಮ್ ಎಂಬ ಕಬ್ಬಿಣವಿರುವ ಅಣುವನ್ನು ತಾನೇ ತಯಾರಿಸಿಕೊಳ್ಳುತ್ತದೆ ಎಂದು ತೋರಿಸಿದ ಕೆಲಸ ಅವರ ಹೆಸರಿನೊಂದಿಗೆ ಸೇರಿಕೊಂಡಿದೆ.

ಇನ್ಫೋಸಿಸ್ ವಿಜ್ಞಾನ ಪ್ರತಿಷ್ಠಾನದ ಜೀವವಿಜ್ಞಾನ ಪ್ರಶಸ್ತಿಯ ಮೊತ್ತ 1 ಲಕ್ಷ ಡಾಲರ್‌ಗೆ ಸಮ. 2024ರಿಂದ ಅದು 40 ವರ್ಷದೊಳಗಿನವರಿಗೆ ಸೀಮಿತವಾಗಿದೆ. ರಾಜ್ಯ ಸರ್ಕಾರವೂ ಸರ್ ಸಿ. ವಿ. ರಾಮನ್, ಡಾ. ರಾಜಾ ರಾಮಣ್ಣ ಅವರ ಹೆಸರುಗಳಲ್ಲಿ ವಿಜ್ಞಾನಿಗಳನ್ನು ಗೌರವಿಸುತ್ತದೆ. ಜಿಲ್ಲೆಯ ಕಾಲೇಜಿನಲ್ಲಿರುವವರು ರಾಜ್ಯದ ಪ್ರಶಸ್ತಿಯಿಂದ ಆರಂಭಿಸುವುದು ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಅದಕ್ಕಾಗಿ ಸಿದ್ಧಪಡಿಸಿದ ಕಡತ ಮುಂದಿನ ದೊಡ್ಡ ನಾಮನಿರ್ದೇಶನಕ್ಕೆ ಬುನಾದಿಯಾಗುತ್ತದೆ.

ಪ್ರಶಸ್ತಿ ಆರಿಸುವಾಗ ಮೂರು ವಿಷಯಗಳನ್ನು ಆ ವರ್ಷದ ಅಧಿಸೂಚನೆಯಲ್ಲಿಯೇ ಓದಿ: ನಾಮನಿರ್ದೇಶನ ಯಾರು ಮಾಡಬಹುದು, ವಯಸ್ಸನ್ನು ಯಾವ ದಿನಾಂಕಕ್ಕೆ ಲೆಕ್ಕ ಹಾಕುತ್ತಾರೆ, ಯಾವ ವರ್ಷಗಳ ಕೆಲಸವನ್ನು ಪರಿಗಣಿಸುತ್ತಾರೆ. ಕಳೆದ ವರ್ಷದ ಪ್ರತಿಯನ್ನು ನಂಬಿ ಕೂರಬೇಡಿ.

ಹಂತ 3: ಒಂದು ಆವಿಷ್ಕಾರವನ್ನು ಮಾತ್ರ ಹಿಡಿಯಿರಿ

ಅಮೆರಿಕದ ಆ ಪ್ರಶಸ್ತಿ 1962ರಲ್ಲಿ ಮೊದಲು ಸಂದದ್ದು ಮಾರ್ಷಲ್ ನಿರೆನ್‌ಬರ್ಗ್‌ಗೆ. ಅದಕ್ಕೆ ಒಂದು ವರ್ಷ ಮೊದಲು ಅವರ ಹೆಸರನ್ನು ಕೇಳಿದವರೇ ಕಡಿಮೆ. 1961ರ ಮೇ ತಿಂಗಳಲ್ಲಿ ಅವರೂ ಸಹೋದ್ಯೋಗಿ ಹೈನ್ರಿಕ್ ಮಥೈಯೂ ಇ. ಕೊಲೈ ಬ್ಯಾಕ್ಟೀರಿಯಾದ ಕೋಶರಸಕ್ಕೆ, ಆರ್‌ಎನ್‌ಎಯ ನಾಲ್ಕು ರಾಸಾಯನಿಕ ಅಕ್ಷರಗಳಲ್ಲಿ ಯುರಾಸಿಲ್ ಎಂಬ ಒಂದೇ ಅಕ್ಷರ ಸಾಲಾಗಿ ಪುನರಾವರ್ತಿಸುವ ಕೃತಕ ಆರ್‌ಎನ್‌ಎಯನ್ನು ಸೇರಿಸಿ ನೋಡಿದರು. ಫಿನೈಲ್ಅಲನಿನ್ ಎಂಬ ಒಂದೇ ಅಮೈನೋ ಆಮ್ಲದ ಸರಪಳಿ ಹುಟ್ಟಿತು. ಜೀವಸಂಕೇತದ ಮೊದಲ ಪದ ಹಾಗೆ ಓದಲ್ಪಟ್ಟಿತು. ಆ ವರ್ಷದ ಆಗಸ್ಟ್‌ನಲ್ಲಿ ಮಾಸ್ಕೋದ ಜೀವರಸಾಯನ ಸಮ್ಮೇಳನದಲ್ಲಿ ನಿರೆನ್‌ಬರ್ಗ್ ಇದನ್ನು ಹೇಳಿದಾಗ ಚಿಕ್ಕ ಕೊಠಡಿಯಲ್ಲಿ ಬೆರಳೆಣಿಕೆಯ ಶ್ರೋತೃಗಳಿದ್ದರು. ಅವರಲ್ಲಿ ಒಬ್ಬರಾದ ಮ್ಯಾಥ್ಯೂ ಮೆಸೆಲ್ಸನ್ ಹೋಗಿ, ಡಿಎನ್‌ಎಯ ರಚನೆ ಕಂಡುಹಿಡಿದವರಲ್ಲಿ ಒಬ್ಬರಾದ ಫ್ರಾನ್ಸಿಸ್ ಕ್ರಿಕ್‌ಗೆ ತಿಳಿಸಿದರು. ಕ್ರಿಕ್ ಅದೇ ಸಮ್ಮೇಳನದ ದೊಡ್ಡ ಸಭೆಯಲ್ಲಿ ಆ ಉಪನ್ಯಾಸವನ್ನು ಮತ್ತೊಮ್ಮೆ ಏರ್ಪಡಿಸಿದರು. 1968ರಲ್ಲಿ ನಿರೆನ್‌ಬರ್ಗ್, ಹರಗೋಬಿಂದ್ ಖೊರಾನಾ, ರಾಬರ್ಟ್ ಹೋಲಿ ಅವರಿಗೆ ನೊಬೆಲ್ ಬಂತು.

ನಾಮನಿರ್ದೇಶಕರು ಮಾಡಬೇಕಾದದ್ದು ಮೆಸೆಲ್ಸನ್ ಮಾಡಿದ ಕೆಲಸವನ್ನೇ. ಆತ ಕ್ರಿಕ್ ಬಳಿಗೆ ಹೋಗಿ ನಿರೆನ್‌ಬರ್ಗ್ ಎಷ್ಟು ಪ್ರಬಂಧ ಬರೆದಿದ್ದಾರೆ, ಎಷ್ಟು ವಿಚಾರ ಸಂಕಿರಣಗಳಲ್ಲಿ ಭಾಗವಹಿಸಿದ್ದಾರೆ ಎಂದು ಪಟ್ಟಿ ಒಪ್ಪಿಸಬೇಕಾಗಲಿಲ್ಲ. ಒಂದು ಪ್ರಯೋಗ, ಒಂದು ಫಲಿತಾಂಶ ಸಾಕಾಯಿತು.

ಆದ್ದರಿಂದ ಸಂಶೋಧಕರ ಜೊತೆ ಒಂದು ಮಧ್ಯಾಹ್ನ ಕುಳಿತು ಕೇಳಿ: ನಿಮ್ಮ ಕೆಲಸಗಳಲ್ಲಿ ಒಂದನ್ನು ಮಾತ್ರ ಉಳಿಸಿಕೊಳ್ಳಬಹುದು ಎಂದರೆ ಯಾವುದು? ಮೊದಲು ಅವರು ಮೂರು ನಾಲ್ಕು ಹೇಳುತ್ತಾರೆ. ಒತ್ತಾಯಿಸಿ. ನಮ್ಮ ಕಡೆಯ ಅಧ್ಯಾಪಕರು ನಿಯೋಜಿತ ಕೆಲಸಗಳ ನಡುವೆ, ಸಿಕ್ಕ ಚಿಕ್ಕ ಅನುದಾನಗಳ ವಿಷಯಕ್ಕೆ ತಕ್ಕಂತೆ ಸಂಶೋಧನೆ ಮಾಡುವುದರಿಂದ ಅವರ ಪ್ರಬಂಧಗಳು ಹತ್ತು ದಿಕ್ಕಿಗೆ ಹರಡಿರುತ್ತವೆ. ಅವುಗಳ ಅಡಿಯಲ್ಲಿ ಹರಿಯುವ ಒಂದು ಪ್ರಶ್ನೆಯನ್ನು ಹುಡುಕಿ ತೆಗೆಯುವುದು ನಿಮ್ಮ ಹೊಣೆ. ಅದು ಸಿಗದಿದ್ದರೆ ಒಂದೆರಡು ವರ್ಷ ಕಾಯುವುದೇ ಒಳಿತು.

ಹಂತ 4: ಪುರಾವೆಯನ್ನು ನೀವೇ ಓದಿ ಪರೀಕ್ಷಿಸಿ

ಇಡೀ ಕೆಲಸದಲ್ಲಿ ಹೆಚ್ಚು ಸಮಯ ಬೇಡುವ ಹಂತ ಇದು, ಹೆಚ್ಚಿನವರು ಹಾರಿಸಿಬಿಡುವ ಹಂತವೂ ಇದೇ. ಒಂದು ಕಾಲ್ಪನಿಕ ಉದಾಹರಣೆಯ ಮೂಲಕ ವಿವರಿಸುತ್ತೇನೆ.

ಜಗಳೂರು ಕಡೆಯ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚಿರುವುದು ನಮಗೆಲ್ಲ ಗೊತ್ತಿರುವ ಕಷ್ಟ. ಕುಡಿಯುವ ನೀರಿನಲ್ಲಿ ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಿತಿ. ಅಂಥ ಬಾವಿಯ ಸುತ್ತಲಿನ ಮಣ್ಣಿನಲ್ಲಿ ಬದುಕುವ ಒಂದು ಬ್ಯಾಕ್ಟೀರಿಯಾವನ್ನು ದಾವಣಗೆರೆಯ ಸಂಶೋಧಕಿಯೊಬ್ಬರು ಅಧ್ಯಯನ ಮಾಡಿದ್ದಾರೆ ಎಂದು ಇಟ್ಟುಕೊಳ್ಳೋಣ. ಹಿನ್ನೆಲೆ ಹೀಗಿದೆ. ಅನೇಕ ಬ್ಯಾಕ್ಟೀರಿಯಾಗಳಲ್ಲಿ ಫ್ಲೋರೈಡನ್ನು ಗ್ರಹಿಸುವ ಒಂದು ಆರ್‌ಎನ್‌ಎ ಸ್ವಿಚ್ ಇದೆ ಎಂದು 2012ರಲ್ಲಿ ಯೇಲ್ ವಿಶ್ವವಿದ್ಯಾಲಯದ ರೊನಾಲ್ಡ್ ಬ್ರೇಕರ್ ಅವರ ತಂಡ ತೋರಿಸಿತು. ಫ್ಲೋರೈಡ್ ಬಂದು ಕುಳಿತಾಗ ಆ ಆರ್‌ಎನ್‌ಎಯ ಮಡಿಕೆ ಬದಲಾಗುತ್ತದೆ, ಅದರ ಮುಂದಿರುವ ಜೀನ್ ಚಾಲೂ ಆಗುತ್ತದೆ, ಆ ಜೀನ್ ತಯಾರಿಸುವ ಪ್ರೋಟೀನ್ ಫ್ಲೋರೈಡನ್ನು ಕೋಶದಿಂದ ಹೊರಗೆ ಸಾಗಿಸುತ್ತದೆ. ಆರ್‌ಎನ್‌ಎಗೂ ಫ್ಲೋರೈಡ್‌ಗೂ ಋಣ ವಿದ್ಯುದಂಶವೇ ಇರುವುದರಿಂದ ಅವು ಒಂದನ್ನೊಂದು ದೂರ ತಳ್ಳಬೇಕು. ಮೂರು ಮೆಗ್ನೀಸಿಯಂ ಅಯಾನುಗಳು ನಡುವೆ ನಿಂತು ಫ್ಲೋರೈಡನ್ನು ಹಿಡಿದಿಡುತ್ತವೆ ಎಂದು ಅದರ ರಚನೆಯ ಅಧ್ಯಯನ ತಿಳಿಸಿತು. ಇಷ್ಟು ಸಣ್ಣ ಸ್ವಿಚ್ಚಿನೊಳಗೆ ಇಂಥ ಏರ್ಪಾಡು ಇರುವುದು ನನಗೆ ಇಂದಿಗೂ ಬೆರಗು ತರುವ ಸಂಗತಿ.

ಈಗ ನಮ್ಮ ಸಂಶೋಧಕಿಯ ಪ್ರತಿಪಾದನೆ: ಜಗಳೂರಿನ ಬ್ಯಾಕ್ಟೀರಿಯಾದಲ್ಲಿ ಈ ಸ್ವಿಚ್ಚಿನ ಒಂದು ಅಕ್ಷರ ಬದಲಾಗಿದೆ, ಆ ಕಾರಣ ಜೀನ್ ಕಡಿಮೆ ಫ್ಲೋರೈಡ್‌ಗೇ ಚಾಲೂ ಆಗುತ್ತದೆ, ಅದರಿಂದ ಆ ಜೀವಿ ಹೆಚ್ಚು ಫ್ಲೋರೈಡ್ ಸಹಿಸುತ್ತದೆ. ಅಂದವಾದ ಕಥೆ. ನಾಮನಿರ್ದೇಶಕರಾದ ನೀವು ಪ್ರಬಂಧವನ್ನು ತೆರೆದು ಹುಡುಕಬೇಕಾದದ್ದು ಇಷ್ಟು.

ಆ ಜೀನನ್ನು ತೆಗೆದುಹಾಕಿದಾಗ ಬ್ಯಾಕ್ಟೀರಿಯಾ ಫ್ಲೋರೈಡ್‌ನಲ್ಲಿ ಸೋಲುತ್ತದೆಯೇ? ಅದೇ ಜೀನನ್ನು ಮರಳಿ ಸೇರಿಸಿದಾಗ ಚೇತರಿಸಿಕೊಳ್ಳುತ್ತದೆಯೇ? ಎರಡನೆಯ ಪ್ರಯೋಗವಿಲ್ಲದೆ ಮೊದಲನೆಯದು ಅರ್ಧ ಪುರಾವೆ ಮಾತ್ರ, ಏಕೆಂದರೆ ಜೀನ್ ತೆಗೆಯುವಾಗ ಪಕ್ಕದ ಇನ್ನೇನೋ ಕೆಟ್ಟಿರಬಹುದು. ಮುಂದಿನದು ಇನ್ನೂ ಮುಖ್ಯ. ಬದಲಾದ ಆ ಒಂದು ಅಕ್ಷರವನ್ನು ಮಾತ್ರ ಹಳೆಯ ರೂಪಕ್ಕೆ ತಿರುಗಿಸಿದಾಗ ಸಹನಶಕ್ತಿ ಕುಗ್ಗುತ್ತದೆಯೇ? ಇದನ್ನು ಮಾಡದೆ ಎರಡು ಬೇರೆ ಬ್ಯಾಕ್ಟೀರಿಯಾಗಳನ್ನು ಹೋಲಿಸಿ ವ್ಯತ್ಯಾಸವನ್ನು ಒಂದು ಅಕ್ಷರದ ತಲೆಗೆ ಕಟ್ಟಿದ್ದರೆ ವಾದ ನಿಲ್ಲುವುದಿಲ್ಲ. ಅವೆರಡರ ನಡುವೆ ಸಾವಿರಾರು ಅಕ್ಷರಗಳು ಬೇರೆ ಇರಬಹುದು.

ಹೋಲಿಕೆಯ ಪ್ರಯೋಗಗಳನ್ನೂ ನೋಡಿ. ಸೋಡಿಯಂ ಫ್ಲೋರೈಡ್ ಹಾಕಿದ್ದರೆ ಅಷ್ಟೇ ಪ್ರಮಾಣದ ಸೋಡಿಯಂ ಕ್ಲೋರೈಡ್ ಹಾಕಿದ ಇನ್ನೊಂದು ನಳಿಕೆ ಇರಬೇಕು. ಇಲ್ಲದಿದ್ದರೆ ಪರಿಣಾಮ ಫ್ಲೋರೈಡ್‌ನದೋ ಸೋಡಿಯಂನದೋ ಎಂದು ಹೇಳಲಾಗದು. ನಿರೆನ್‌ಬರ್ಗ್ ಮತ್ತು ಮಥೈ ಅವರ ಪ್ರಬಂಧದ ಬಲವೂ ಇಂಥ ಹೋಲಿಕೆಗಳಲ್ಲಿಯೇ ಇದೆ: ಬೇರೆ ಅಕ್ಷರದ ಆರ್‌ಎನ್‌ಎ ಹಾಕಿದಾಗ ಫಿನೈಲ್ಅಲನಿನ್ ಸರಪಳಿ ಹುಟ್ಟಲಿಲ್ಲ ಎಂದು ಅವರು ಜೊತೆಗೇ ತೋರಿಸಿದರು. ಇನ್ನು, ಪ್ರಯೋಗವನ್ನು ಮೂರು ಬಾರಿ ಮಾಡಿದ್ದೇವೆ ಎಂದಿದ್ದರೆ ಅದರ ಅರ್ಥವೇನೆಂದು ಕೇಳಿ. ಒಂದೇ ನಳಿಕೆಯ ದ್ರವವನ್ನು ಮೂರು ಗುಳಿಗಳಿಗೆ ಹಂಚಿ ಅಳೆದದ್ದು ಮೂರು ಬಾರಿ ಮಾಡಿದ ಹಾಗಲ್ಲ. ಬೇರೆ ಬೇರೆ ದಿನ, ಬೇರೆ ಬೇರೆಯಾಗಿ ಬೆಳೆಸಿದ ಕೋಶಗಳಿಂದ ಬಂದ ಫಲಿತಾಂಶ ಬೇಕು.

ಚಿತ್ರಗಳನ್ನು ಹಿಗ್ಗಿಸಿ ನೋಡಿ. ಡಿಎನ್‌ಎ, ಪ್ರೋಟೀನ್‌ಗಳನ್ನು ಪಟ್ಟೆಗಳಾಗಿ ತೋರಿಸುವ ಜೆಲ್ ಮತ್ತು ವೆಸ್ಟರ್ನ್ ಬ್ಲಾಟ್‌ಗಳಲ್ಲಿ ಒಂದೇ ಪಟ್ಟೆ ಎರಡು ಕಡೆ ಕಾಣಿಸಿಕೊಂಡಿದ್ದರೆ ಮೂಲ ಚಿತ್ರವನ್ನು ಕೇಳಿ ತರಿಸಿಕೊಳ್ಳಿ. ಪಬ್‌ಪೀರ್‌ನಂಥ ತಾಣಗಳಲ್ಲಿ ಆ ಪ್ರಬಂಧದ ಬಗ್ಗೆ ಯಾರಾದರೂ ಪ್ರಶ್ನೆ ಎತ್ತಿದ್ದಾರೆಯೇ ಎಂದು ಹುಡುಕಿ. ಡಿಎನ್‌ಎ ಅನುಕ್ರಮವನ್ನು ಜೀನ್‌ಬ್ಯಾಂಕ್‌ನಲ್ಲಿ ಅಥವಾ ಫರೀದಾಬಾದಿನ ಭಾರತೀಯ ಜೈವಿಕ ದತ್ತಾಂಶ ಕೇಂದ್ರದಲ್ಲಿ ಸಲ್ಲಿಸಿದ್ದರೆ ಅದರ ದಾಖಲೆ ಸಂಖ್ಯೆಯನ್ನು ಹಾಕಿ ತೆರೆದು ನೋಡಿ. ಇದನ್ನು ಅನುಮಾನ ಎಂದು ಯಾರೂ ತಿಳಿಯಬೇಕಾಗಿಲ್ಲ. ಸಮಿತಿಯ ಮುಂದೆ ಹೆಸರು ಹೋದ ಮೇಲೆ ಹೊರಗಿನವರು ಇದನ್ನೇ ಮಾಡುತ್ತಾರೆ. ಮೊದಲೇ ನಮ್ಮವರು ನೋಡಿ ಸರಿಪಡಿಸುವುದು ಸಂಶೋಧಕರ ಮೇಲಿನ ಪ್ರೀತಿಯಿಂದಲೇ.

ಹಂತ 5: ಯಾರು ಏನು ಮಾಡಿದರು ಎಂದು ದಾಖಲಿಸಿ

ಮಥೈ ಅವರ ಕೈಯಿಂದಲೇ ಆ ನಿರ್ಣಾಯಕ ಪ್ರಯೋಗ ನಡೆದದ್ದು. 1962ರ ಪ್ರಶಸ್ತಿಯಲ್ಲಿಯೂ 1968ರ ನೊಬೆಲ್‌ನಲ್ಲಿಯೂ ಅವರ ಹೆಸರಿಲ್ಲ. ಆ ಕೊರಗು ವಿಜ್ಞಾನದ ಇತಿಹಾಸದಲ್ಲಿ ಹಾಗೆಯೇ ಉಳಿದಿದೆ. ನಮ್ಮ ಪ್ರಯೋಗಾಲಯಗಳಲ್ಲಿ ಪಿಎಚ್‌ಡಿ ವಿದ್ಯಾರ್ಥಿಗಳು, ಎಂ.ಎಸ್ಸಿ. ಅಂತಿಮ ವರ್ಷದ ಯೋಜನೆಗೆ ಬಂದ ಹುಡುಗಿಯರು, ಪ್ರಯೋಗಾಲಯ ಸಹಾಯಕರು ಮಾಡಿದ ಕೆಲಸ ಮಾರ್ಗದರ್ಶಕರ ಹೆಸರಿನಡಿ ಮುಚ್ಚಿಹೋಗುವುದು ಸುಲಭ.

ನಾಮನಿರ್ದೇಶನದ ಪ್ರತಿ ಮುಖ್ಯ ಪ್ರಬಂಧಕ್ಕೂ ಒಂದೊಂದು ಸಾಲು ಬರೆಯಿರಿ: ಪ್ರಶ್ನೆ ಯಾರದು, ಪ್ರಯೋಗ ಯಾರು ಮಾಡಿದರು, ವಿಶ್ಲೇಷಣೆ ಯಾರದು, ಬರೆದವರು ಯಾರು, ಹಣ ಎಲ್ಲಿಂದ ಬಂತು. ಬಹುತೇಕ ಒಳ್ಳೆಯ ನಿಯತಕಾಲಿಕಗಳು ಈಗ ಪ್ರಬಂಧದ ಕೊನೆಯಲ್ಲಿ ಈ ವಿವರವನ್ನು ಪ್ರಕಟಿಸುತ್ತವೆ, ಅಲ್ಲಿಂದಲೇ ತೆಗೆದುಕೊಳ್ಳಿ. ಹೊರದೇಶದ ಅಥವಾ ಬೆಂಗಳೂರಿನ ದೊಡ್ಡ ಪ್ರಯೋಗಾಲಯದ ಜೊತೆಗೂಡಿ ಮಾಡಿದ ಕೆಲಸವಾದರೆ ದಾವಣಗೆರೆಯಲ್ಲಿ ನಡೆದ ಭಾಗ ಯಾವುದು ಎಂದು ಸ್ಪಷ್ಟವಾಗಿ ಹೇಳಿ. ಸಮಿತಿಗೆ ಮೊದಲು ಬರುವ ಸಂದೇಹವೇ ಅದು. ಹೇಳದೆ ಬಿಟ್ಟರೆ ಎಲ್ಲ ಕೆಲಸವೂ ಅಲ್ಲಿಯೇ ನಡೆದಿರಬೇಕು ಎಂದುಕೊಳ್ಳುತ್ತಾರೆ.

ಹೆಸರಿನ ಗೊಂದಲವನ್ನು ಈ ಹಂತದಲ್ಲಿಯೇ ಬಿಡಿಸಿ. ನಮ್ಮಲ್ಲಿ ಊರಿನ ಹೆಸರು, ತಂದೆಯ ಹೆಸರು ಇನಿಷಿಯಲ್‌ಗಳಾಗಿ ಒಮ್ಮೆ ಮುಂದೆ, ಒಮ್ಮೆ ಹಿಂದೆ, ಒಮ್ಮೆ ಬಿಡಿಸಿ ಬರೆದ ರೂಪದಲ್ಲಿ ಬರುತ್ತವೆ. ಮದುವೆಯ ನಂತರ ಕೆಲವರ ಹೆಸರು ಬದಲಾಗಿರುತ್ತದೆ. ಒಬ್ಬರೇ ಸಂಶೋಧಕಿ ಸೂಚಿಗಳಲ್ಲಿ ಮೂವರಾಗಿ ಕಾಣುತ್ತಾರೆ. ಸಂಶೋಧಕರನ್ನು ನೋಂದಾಯಿಸುವ ಓರ್ಕಿಡ್ (ORCID) ತಾಣದಲ್ಲಿ 16 ಅಂಕಿಗಳ ಗುರುತಿನ ಸಂಖ್ಯೆ ಉಚಿತವಾಗಿ ಸಿಗುತ್ತದೆ. ಎಲ್ಲ ಪ್ರಬಂಧಗಳನ್ನೂ ಅದಕ್ಕೆ ಜೋಡಿಸಿ. ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಆಧಾರ್, ಪಿಎಚ್‌ಡಿ ಪ್ರಮಾಣಪತ್ರಗಳಲ್ಲಿ ಹೆಸರೂ ಜನ್ಮದಿನಾಂಕವೂ ಹೊಂದುತ್ತವೆಯೇ ಎಂದು ನೋಡಿ. ಹೊಂದದಿದ್ದರೆ ತಿದ್ದುಪಡಿಗೆ ತಿಂಗಳುಗಳೇ ಬೇಕಾಗಬಹುದು.

ಹಂತ 6: ಸಮರ್ಥನೆಯನ್ನು ಬರೆಯಿರಿ

ಅರ್ಜಿ ಇಂಗ್ಲಿಷಿನಲ್ಲಿಯೇ ಹೋಗಬೇಕಾಗುತ್ತದೆ. ಆದರೂ ಮೊದಲ ಕರಡನ್ನು ಕನ್ನಡದಲ್ಲಿ ಬರೆಯಿರಿ ಎಂದು ನಾನು ಒತ್ತಿ ಹೇಳುತ್ತೇನೆ. ಇಂಗ್ಲಿಷಿನಲ್ಲಿ ನಮಗೆ ಸಿದ್ಧ ವಾಕ್ಯಗಳು ಬಾಯಿಪಾಠವಾಗಿವೆ, ಅರ್ಥವಾಗದಿದ್ದರೂ ಅವು ಪುಟ ತುಂಬಿಸುತ್ತವೆ. ಕನ್ನಡದಲ್ಲಿ ಬರೆಯುವಾಗ ವಿಷಯ ತಿಳಿಯದೆ ಒಂದು ಸಾಲೂ ಮುಂದೆ ಹೋಗುವುದಿಲ್ಲ.

ನಮ್ಮ ಕಾಲ್ಪನಿಕ ಸಂಶೋಧಕಿಗೆ ಕೆಟ್ಟ ಸಮರ್ಥನೆ ಹೀಗಿರುತ್ತದೆ: “ಇವರು ಆಣ್ವಿಕ ಜೀವವಿಜ್ಞಾನಕ್ಕೆ ಅಪಾರ ಕೊಡುಗೆ ನೀಡಿದ್ದಾರೆ. ಅಂತರರಾಷ್ಟ್ರೀಯ ಮಟ್ಟದ ಅನೇಕ ಪ್ರಬಂಧಗಳನ್ನು ಪ್ರಕಟಿಸಿದ್ದಾರೆ. ಹಲವು ಸಮ್ಮೇಳನಗಳ ಸಂಘಟಕರಾಗಿ ದುಡಿದಿದ್ದಾರೆ.” ಈ ಮೂರು ವಾಕ್ಯಗಳನ್ನು ರಾಜ್ಯದ ಯಾವ ಪ್ರಾಧ್ಯಾಪಕರ ಹೆಸರಿನ ಕೆಳಗೆ ಬೇಕಾದರೂ ಇಡಬಹುದು.

ಒಳ್ಳೆಯದು ಹೀಗಿರಬಹುದು: “ಬ್ಯಾಕ್ಟೀರಿಯಾಗಳು ಫ್ಲೋರೈಡನ್ನು ಒಂದು ಆರ್‌ಎನ್‌ಎ ಸ್ವಿಚ್ಚಿನಿಂದ ಗ್ರಹಿಸುತ್ತವೆ ಎಂದು 2012ರಿಂದ ತಿಳಿದಿತ್ತು. ಫ್ಲೋರೈಡ್ ಹೆಚ್ಚಿರುವ ನೆಲದಲ್ಲಿ ಬದುಕುವ ಜೀವಿಗಳಲ್ಲಿ ಆ ಸ್ವಿಚ್ ಹೇಗೆ ಬದಲಾಗುತ್ತದೆ ಎಂಬುದು ತಿಳಿದಿರಲಿಲ್ಲ. ಜಗಳೂರಿನ ಮಣ್ಣಿನ ಬ್ಯಾಕ್ಟೀರಿಯಾದಲ್ಲಿ ಒಂದೇ ಅಕ್ಷರದ ಬದಲಾವಣೆ ಸ್ವಿಚ್ಚನ್ನು ಕಡಿಮೆ ಫ್ಲೋರೈಡ್‌ಗೇ ಎಚ್ಚರಿಸುತ್ತದೆ ಎಂದು ಇವರು ತೋರಿಸಿದರು. ಆ ಅಕ್ಷರವನ್ನು ಹಿಂದಕ್ಕೆ ತಿರುಗಿಸಿದಾಗ ಜೀವಿಯ ಸಹನಶಕ್ತಿ ಕುಗ್ಗಿತು, ಮತ್ತೆ ಬದಲಿಸಿದಾಗ ಮರಳಿತು.” ಹಿಂದೆ ಏನು ಗೊತ್ತಿತ್ತು, ಏನು ಗೊತ್ತಿರಲಿಲ್ಲ, ಇವರು ಏನು ಕಂಡರು, ಅದನ್ನು ಹೇಗೆ ನಂಬುವುದು, ಎಲ್ಲವೂ ಇಲ್ಲಿದೆ. ಒಂದು ಹೊಗಳಿಕೆಯ ಮಾತೂ ಇಲ್ಲ, ಬೇಕಾಗಿಯೂ ಇಲ್ಲ.

ನಿಜವಾದ ಉದಾಹರಣೆ ಬೇಕಾದರೆ 2019ರಲ್ಲಿ ಇನ್ಫೋಸಿಸ್ ಪ್ರಶಸ್ತಿ ಪಡೆದ ಹೈದರಾಬಾದಿನ ಮಂಜುಳಾ ರೆಡ್ಡಿ ಅವರ ಕೆಲಸವನ್ನು ಓದಿ. ಬ್ಯಾಕ್ಟೀರಿಯಾದ ಸುತ್ತ ಗಟ್ಟಿ ಜಾಲದಂಥ ಕೋಶಭಿತ್ತಿ ಇರುತ್ತದೆ. ಕೋಶ ಬೆಳೆಯಬೇಕಾದರೆ ಆ ಜಾಲದ ಹೆಣಿಗೆಯನ್ನು ಕತ್ತರಿಸಿ ಹೊಸ ಎಳೆಗಳಿಗೆ ಜಾಗ ಮಾಡಬೇಕು. ಕತ್ತರಿಸುವ ಕಿಣ್ವಗಳು ಯಾವುವು ಎಂಬುದನ್ನು ಅವರು ಕಂಡುಹಿಡಿದರು. ಇಷ್ಟೇ ಮಾತಿನಲ್ಲಿ ಪಿಯುಸಿ ವಿದ್ಯಾರ್ಥಿಗೂ ಅದು ಅರ್ಥವಾಗುತ್ತದೆ, ಹೊಸ ಪ್ರತಿಜೀವಕಗಳನ್ನು ಹುಡುಕುವವರಿಗೆ ಅದರ ಬೆಲೆಯೂ ಕಾಣುತ್ತದೆ.

ಒಂದು ಎಚ್ಚರಿಕೆ ಇದೆ. ನಮ್ಮ ಊರಿನ ಕಷ್ಟಕ್ಕೆ ಸಂಬಂಧಿಸಿದ ಕೆಲಸವಾದಾಗ “ಈ ಸಂಶೋಧನೆಯಿಂದ ಜಗಳೂರಿನ ಫ್ಲೋರೈಡ್ ಸಮಸ್ಯೆ ಬಗೆಹರಿಯುತ್ತದೆ” ಎಂದು ಬರೆಯುವ ಆಸೆ ಬಲವಾಗಿರುತ್ತದೆ. ಬರೆಯಬೇಡಿ. ಆ ಪ್ರೋಟೀನ್ ಫ್ಲೋರೈಡನ್ನು ತನ್ನ ಕೋಶದಿಂದ ಹೊರಕ್ಕೆ ತಳ್ಳುತ್ತದೆ, ನೀರಿನಿಂದ ತೆಗೆಯುವುದಿಲ್ಲ. ನೀರಿನ ಫ್ಲೋರೈಡ್ ಇದ್ದಷ್ಟೇ ಇರುತ್ತದೆ. ಈ ಒಂದು ಅತಿಮಾತನ್ನು ಸಮಿತಿಯ ತಜ್ಞರು ಹಿಡಿದರೆ ಉಳಿದ ಪುಟಗಳ ಮೇಲೂ ಅವರ ನಂಬಿಕೆ ಹೋಗುತ್ತದೆ. ನೀರಿನಲ್ಲಿ ಫ್ಲೋರೈಡ್ ಇದೆಯೇ ಎಂದು ತಿಳಿಸುವ ಜೈವಿಕ ಸಂವೇದಕಕ್ಕೆ ಇಂಥ ಸ್ವಿಚ್ ದಾರಿ ಮಾಡಬಹುದು ಎಂದು ಬರೆದರೆ ಅದು ವಿಜ್ಞಾನ ಒಪ್ಪುವ ಮಾತು.

ಕರಡು ಸಿದ್ಧವಾದ ಮೇಲೆ ನಿಮ್ಮ ಕಾಲೇಜಿನ ಅಂತಿಮ ಬಿ.ಎಸ್ಸಿ. ವಿದ್ಯಾರ್ಥಿಗಳಿಗೆ ಓದಿ ಹೇಳಿ. ಅವರು ಎಲ್ಲಿ ಪ್ರಶ್ನೆ ಕೇಳುತ್ತಾರೋ ಅಲ್ಲಿ ಬರಹ ಸಡಿಲವಾಗಿದೆ. ಬಳಿಕ ಇಂಗ್ಲಿಷಿಗೆ ತನ್ನಿ.

ಹಂತ 7: ಅಂಕಿಗಳನ್ನು ಅವುಗಳ ಜಾಗದಲ್ಲಿ ಇಡಿ

ಪ್ರಬಂಧಗಳ ಸಂಖ್ಯೆ, ಉಲ್ಲೇಖಗಳ ಸಂಖ್ಯೆ, ಇಂಪ್ಯಾಕ್ಟ್ ಫ್ಯಾಕ್ಟರ್ (ನಿಯತಕಾಲಿಕದ ಪ್ರಬಂಧಗಳಿಗೆ ಸರಾಸರಿ ಎಷ್ಟು ಉಲ್ಲೇಖಗಳು ಸಿಗುತ್ತವೆ ಎಂಬ ಅಳತೆ) ಕೇಳಿದ ಕಡೆ ಮಾತ್ರ ಕೊಡಿ. ನಿಯತಕಾಲಿಕದ ಇಂಪ್ಯಾಕ್ಟ್ ಫ್ಯಾಕ್ಟರ್‌ನಿಂದ ಒಬ್ಬ ವಿಜ್ಞಾನಿಯನ್ನು ಅಳೆಯಬಾರದು ಎಂದು 2012ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಕೋಶ ಜೀವವಿಜ್ಞಾನಿಗಳ ಸಮ್ಮೇಳನದ ವೇಳೆ ರೂಪುಗೊಂಡ ಘೋಷಣೆ ಸ್ಪಷ್ಟವಾಗಿ ಹೇಳಿತು. ಹಣ ತೆತ್ತರೆ ಏನನ್ನಾದರೂ ಅಚ್ಚು ಹಾಕುವ ನಿಯತಕಾಲಿಕಗಳಲ್ಲಿ ಬಂದ ಪ್ರಬಂಧಗಳಿದ್ದರೆ ಪಟ್ಟಿಯಿಂದ ಕೈಬಿಡಿ. ಯುಜಿಸಿ ಒಪ್ಪಿತ ನಿಯತಕಾಲಿಕಗಳ ತನ್ನ ಕೇರ್ ಪಟ್ಟಿಯನ್ನು 2025ರಲ್ಲಿ ನಿಲ್ಲಿಸಿದ್ದರಿಂದ ಯಾವ ನಿಯತಕಾಲಿಕ ನಂಬಿಕೆಗೆ ಅರ್ಹ ಎಂದು ತೀರ್ಮಾನಿಸುವ ಹೊಣೆ ಈಗ ನಮ್ಮ ಮೇಲೆಯೇ ಇದೆ. ಐದು ಗಟ್ಟಿ ಪ್ರಬಂಧಗಳ ಪಟ್ಟಿ ಐವತ್ತರ ಪಟ್ಟಿಗಿಂತ ಹೆಚ್ಚು ಗೌರವ ತರುತ್ತದೆ.

ಹಂತ 8: ಬೆಂಬಲ ಪತ್ರಗಳು

ಕುಲಪತಿಗಳ ಪತ್ರಕ್ಕಿಂತ ಅದೇ ವಿಷಯದಲ್ಲಿ ಕೆಲಸ ಮಾಡುವ, ಸಂಶೋಧಕರ ಜೊತೆ ಎಂದೂ ಪ್ರಬಂಧ ಬರೆಯದ, ಬೇರೆ ಸಂಸ್ಥೆಯ ಒಬ್ಬರ ಪತ್ರ ಹೆಚ್ಚು ತೂಗುತ್ತದೆ. ಅವರ ಪರಿಚಯ ನಮಗೆಲ್ಲಿಂದ ಎಂಬ ಸಂಕೋಚ ನಮ್ಮ ಕಡೆ ಬಹಳ. ಸಂಶೋಧಕರ ಪ್ರಬಂಧವನ್ನು ತಮ್ಮ ಬರಹದಲ್ಲಿ ಉಲ್ಲೇಖಿಸಿದವರು ಯಾರೆಂದು ಗೂಗಲ್ ಸ್ಕಾಲರ್‌ನಲ್ಲಿ ನೋಡಿ. ಅವರಿಗೆ ಆ ಕೆಲಸ ಆಗಲೇ ಗೊತ್ತಿದೆ. ನಾಲ್ಕು ಸಾಲಿನ ಇಮೇಲ್, ಜೊತೆಗೆ ಪ್ರಬಂಧದ ಪ್ರತಿ, ಒಂದು ಪುಟದ ಸಮರ್ಥನೆ ಕಳುಹಿಸಿ, ಕನಿಷ್ಠ ಆರು ವಾರ ಸಮಯ ಕೊಡಿ. ಪತ್ರವನ್ನು ನೀವೇ ಬರೆದು ಸಹಿ ಕೇಳಬೇಡಿ. ಒಂದೇ ಕೈಯ ಮೂರು ಪತ್ರಗಳನ್ನು ಓದುವವರು ಕೂಡಲೇ ಗುರುತಿಸುತ್ತಾರೆ.

ಚಳ್ಳಕೆರೆ ಬಳಿಯ ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ಎರಡನೇ ಆವರಣವಿದೆ. ಅಲ್ಲಿನ ಪ್ರತಿಭಾ ವಿಕಾಸ ಕೇಂದ್ರ ವಿಜ್ಞಾನ ಅಧ್ಯಾಪಕರಿಗೆ ಪ್ರಯೋಗಾಧಾರಿತ ತರಬೇತಿ ನಡೆಸುತ್ತದೆ. ನಮ್ಮ ಎರಡೂ ಜಿಲ್ಲೆಗಳ ಅಧ್ಯಾಪಕರು ಇಂಥ ತರಬೇತಿಗಳಿಗೆ ಹೋದಾಗ ತಮ್ಮ ಸಹೋದ್ಯೋಗಿಗಳ ಸಂಶೋಧನೆಯ ಬಗ್ಗೆ ಮಾತನಾಡಬೇಕು ಎಂದು ನನಗೆ ಬಹಳ ಆಸೆ. ಪತ್ರ ಬರೆಯಬಲ್ಲವರ ಪರಿಚಯ ಬೆಳೆಯುವುದು ಅಂಥ ಕಡೆಯೇ.

ಹಂತ 9: ವೇಳಾಪಟ್ಟಿ ಮತ್ತು ಸಲ್ಲಿಕೆ

ರಾಷ್ಟ್ರೀಯ ವಿಜ್ಞಾನ ಪುರಸ್ಕಾರದ ಯೋಜನೆ ಘೋಷಣೆಯಾದಾಗ ನಾಮನಿರ್ದೇಶನಕ್ಕೆ ಜನವರಿ 14ರಿಂದ ಫೆಬ್ರವರಿ 28ರವರೆಗಿನ ಅವಧಿ ಎಂದು ಹೇಳಲಾಗಿತ್ತು. ಆದರೆ ವರ್ಷದಿಂದ ವರ್ಷಕ್ಕೆ ದಿನಾಂಕ ಬದಲಾಗಬಹುದು. ಹಾಗಾಗಿ ಗಡುವಿಗೆ ತಕ್ಕಂತೆ ಕೆಲಸ ಆರಂಭಿಸದೆ, ಕಡತ ಸದಾ ಸಿದ್ಧವಿರುವಂತೆ ನೋಡಿಕೊಳ್ಳಿ. ಬೇಸಿಗೆ ರಜೆಯಲ್ಲಿ ಪ್ರಬಂಧಗಳ ಓದು ಮತ್ತು ಪರಿಶೀಲನೆ, ಶ್ರಾವಣದ ಹೊತ್ತಿಗೆ ಕನ್ನಡ ಕರಡು, ದಸರಾ ರಜೆಯಲ್ಲಿ ಇಂಗ್ಲಿಷ್ ಪ್ರತಿ ಮತ್ತು ಬೆಂಬಲ ಪತ್ರಗಳ ಕೋರಿಕೆ ಎಂದು ಇಟ್ಟುಕೊಂಡರೆ ಸೆಮಿಸ್ಟರ್ ಪರೀಕ್ಷೆ, ಮೌಲ್ಯಮಾಪನಗಳ ಒತ್ತಡದಲ್ಲಿ ಇದು ಸಿಕ್ಕಿಹಾಕಿಕೊಳ್ಳುವುದಿಲ್ಲ.

ಕೇಂದ್ರದ ಪ್ರಶಸ್ತಿಗಳಿಗೆ ರಾಷ್ಟ್ರೀಯ ಪುರಸ್ಕಾರ ಪೋರ್ಟಲ್‌ನಲ್ಲಿ ಅರ್ಜಿ ತುಂಬಬೇಕು. ಪದಮಿತಿ ಇರುವ ಕಡೆ ಮೊದಲೇ ಬೇರೆ ಕಡತದಲ್ಲಿ ಬರೆದು, ಎಣಿಸಿ, ಬಳಿಕ ಅಂಟಿಸಿ. ಪಿಡಿಎಫ್‌ಗಳ ಗಾತ್ರ ಇಳಿಸಿ, ಚಿತ್ರಗಳು ಓದಲು ಬರುತ್ತವೆಯೇ ನೋಡಿ. ಸಂಸ್ಥೆಯ ಮುಖ್ಯಸ್ಥರ ಸಹಿ, ಮೊಹರು ಬೇಕಾದರೆ ಎರಡು ವಾರ ಮೊದಲೇ ಕಡತ ಮೇಲೆ ಕಳುಹಿಸಿ. ಗಡುವಿನ ಕೊನೆಯ ದಿನದ ಸಂಜೆಗೆ ಸಲ್ಲಿಕೆಯನ್ನು ಬಿಡಬೇಡಿ. ಸಲ್ಲಿಸಿದ ಮೇಲೆ ಬರುವ ಸ್ವೀಕೃತಿ ಸಂಖ್ಯೆಯನ್ನು ಮುದ್ರಿಸಿ ಇಟ್ಟುಕೊಳ್ಳಿ.

ಹಂತ 10: ಸಲ್ಲಿಸಿದ ನಂತರ

ಸುದ್ದಿಯನ್ನು ವಾಟ್ಸ್ಆ್ಯಪ್ ಗುಂಪುಗಳಲ್ಲಿ ಹಂಚಬೇಡಿ, ಸಮಿತಿಯ ಸದಸ್ಯರಿಗೆ ಯಾರಿಂದಲೂ ಫೋನ್ ಮಾಡಿಸಬೇಡಿ. ಶಿಫಾರಸು ಮಾಡಿಸಿದ ಹೆಸರು ಎಂಬ ಮಾತು ಬಂದರೆ ಅದು ಸಂಶೋಧಕರನ್ನು ಬಹುಕಾಲ ಬಿಡುವುದಿಲ್ಲ.

ಮೊದಲ ಬಾರಿಗೇ ಪ್ರಶಸ್ತಿ ಬರುವುದು ಅಪರೂಪ. ಬಂದವರ ಪಟ್ಟಿ ಹೊರಬಿದ್ದಾಗ ಅವರ ಪ್ರಶಂಸಾ ವಾಕ್ಯಗಳನ್ನು ಸಂಶೋಧಕರ ಜೊತೆ ಕುಳಿತು ಓದಿ. ನಮ್ಮ ವಾದದಲ್ಲಿ ಯಾವ ಪ್ರಯೋಗ ಕಡಿಮೆಯಾಗಿದೆ ಎಂಬುದು ಆಗ ಕಾಣುತ್ತದೆ. ಆ ಪ್ರಯೋಗಕ್ಕೆ ಯಂತ್ರ ಎಲ್ಲಿದೆ, ಹಣ ಎಲ್ಲಿ ಸಿಗುತ್ತದೆ, ಯಾವ ವಿದ್ಯಾರ್ಥಿ ಮಾಡಬಲ್ಲರು ಎಂದು ಅಂದೇ ಗೊತ್ತು ಮಾಡಿಕೊಳ್ಳಿ. ಕಡತದ ಒಂದು ಪ್ರತಿಯನ್ನು ವಿಭಾಗದಲ್ಲಿಯೇ ಇಡಿ, ಏಕೆಂದರೆ ನಿಮಗೆ ವರ್ಗಾವಣೆಯಾಗಬಹುದು, ನಿವೃತ್ತಿಯಾಗಬಹುದು. ಮುಂದಿನ ವರ್ಷ ಅದನ್ನು ತೆರೆಯುವವರಿಗೆ ಯಾವ ಸಾಲು ಹಳೆಯದು, ಯಾವ ಫಲಿತಾಂಶ ಹೊಸದಾಗಿ ಸೇರಬೇಕು, ವಯೋಮಿತಿಗೆ ಇನ್ನೆಷ್ಟು ವರ್ಷ ಉಳಿದಿದೆ ಎಂಬುದನ್ನು ಮೊದಲ ಪುಟದಲ್ಲಿಯೇ ಬರೆದಿಡಿ.